ಮುಖಪುಟಕ್ಕೆ ಯಾವ ಲ್ಯಾಮಿನೇಶನ್?

ಪುಸ್ತಕದ ಕೆಲಸವೆಲ್ಲ ಮುಗಿದಿರುತ್ತದೆ. ಕರಡನ್ನು ಮೂರು ಸಲ ತಿದ್ದಿರುತ್ತೇವೆ, ಮುಖಪುಟದ ಬಣ್ಣಕ್ಕಾಗಿ ಕಲಾವಿದರೊಂದಿಗೆ ವಾರಗಟ್ಟಲೆ ಮಾತನಾಡಿರುತ್ತೇವೆ, ಬೆನ್ನುಡಿಯ ಕೊನೆಯ ಸಾಲಿಗಾಗಿ ವಾದವನ್ನೂ ಮಾಡಿರುತ್ತೇವೆ. ಫೈಲು ಮುದ್ರಣಾಲಯಕ್ಕೆ ಹೋದ ಮೇಲೆ ಅಲ್ಲಿಂದ ಒಂದು ಕರೆ ಬರುತ್ತದೆ: "ಲ್ಯಾಮಿನೇಶನ್ ಮ್ಯಾಟೋ, ಗ್ಲಾಸೋ?" ಅಂದರೆ ಮುಖಪುಟದ ಮೇಲೆ ಅಂಟಿಸುವ ತೆಳು ಪ್ಲಾಸ್ಟಿಕ್ ಪೊರೆ ಹೊಳಪಿಲ್ಲದ್ದಿರಲೋ (ಮ್ಯಾಟ್), ಹೊಳೆಯುವಂಥದ್ದಿರಲೋ (ಗ್ಲಾಸ್) ಎಂದು. ಬಹುತೇಕರು ಯೋಚಿಸುವುದೇ ಇಲ್ಲ. "ಮ್ಯಾಟ್ ಮಾಡಿ, ಅದೇ ಚೆನ್ನಾಗಿ ಕಾಣುತ್ತದೆ" ಎಂದು ಹೇಳಿ ಫೋನು ಇಡುತ್ತಾರೆ. ಓದುಗರ ಕೈ ಮೊದಲು ಮುಟ್ಟುವುದು ಆ ಪೊರೆಯನ್ನೇ. ಅದಕ್ಕೆ ನಾವು ಕೊಡುವ ಸಮಯ ಹತ್ತು ಸೆಕೆಂಡು.

ನಾನೂ ಹಾಗೆಯೇ ಮಾಡಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಕವನ ಸಂಕಲನದ ಮುದ್ರಣದ ಹೊಣೆ ನನ್ನ ಮೇಲಿತ್ತು. ಕಡುಗಪ್ಪು ಹಿನ್ನೆಲೆ, ನಡುವೆ ಬಿಳಿಯ ಸಣ್ಣ ಅಕ್ಷರಗಳಲ್ಲಿ ಹೆಸರು, ಮೇಲೆ ಮ್ಯಾಟ್ ಲ್ಯಾಮಿನೇಶನ್. ಕಂಪ್ಯೂಟರಿನ ಪರದೆಯಲ್ಲಿ ಅದು ತುಂಬ ಸುಂದರವಾಗಿತ್ತು. ಕಟ್ಟು ಬಿಚ್ಚಿದಾಗ ಪ್ರತಿಯೊಂದು ಪುಸ್ತಕದ ಮೇಲೂ ಬೂದು ಬಣ್ಣದ ಗೀರುಗಳು. ಜುಲೈ ತಿಂಗಳಲ್ಲಿ ಉಡುಪಿಯ ಅಂಗಡಿಯೊಂದಕ್ಕೆ ಕಳುಹಿಸಿದ ಪ್ರತಿಗಳದ್ದು ಇನ್ನೊಂದು ಬಗೆಯ ಕಷ್ಟ: ಮುಖಪುಟಗಳು ಕೆಂಡದ ಮೇಲಿಟ್ಟ ಹಪ್ಪಳದಂತೆ ಮೇಲಕ್ಕೆ ಸುರುಟಿಕೊಂಡಿದ್ದವು. ಕವಿ ಏನೂ ಅನ್ನಲಿಲ್ಲ. ಪುಸ್ತಕವನ್ನು ಅಂಗೈಯಿಂದ ಒತ್ತಿ ಹಿಡಿದು, ಬಿಟ್ಟು, ಮತ್ತೆ ಒತ್ತಿ ಹಿಡಿದರು. ಅದು ನನಗೆ ಇನ್ನೂ ನೆನಪಿದೆ.

ಆ ಎರಡೂ ತೊಂದರೆಗಳಿಗೆ ಸ್ಪಷ್ಟವಾದ ಕಾರಣಗಳಿದ್ದವು, ಎರಡನ್ನೂ ಮೊದಲೇ ಊಹಿಸಬಹುದಾಗಿತ್ತು. ಅಂದಿನಿಂದ ಮ್ಯಾಟೋ ಗ್ಲಾಸೋ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಅಚ್ಚಾದ ಮೇಲೆ ಈ ವಸ್ತು ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ, ಅದರ ಮೇಲೆ ಏನೇನು ನಡೆಯುತ್ತದೆ?

ಆ ಪೊರೆ ಯಾವುದು

ಲ್ಯಾಮಿನೇಶನ್ ಎಂದರೆ ಅಚ್ಚಾದ ಹಾಳೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದನ್ನು ಅಂಟಿಸುವುದು. ನಮ್ಮಲ್ಲಿ ಪುಸ್ತಕದ ಮುಖಪುಟ, ವಿಸಿಟಿಂಗ್ ಕಾರ್ಡ್, ಪೆಟ್ಟಿಗೆಗಳಿಗೆ ಬಳಸುವುದು ಹೆಚ್ಚಾಗಿ ಪಾಲಿಪ್ರೊಪಿಲೀನ್ ಪೊರೆ. ಮುದ್ರಣಾಲಯದವರ ಬಾಯಲ್ಲಿ ಅದು ಬಿಒಪಿಪಿ. ತಯಾರಿಸುವಾಗ ಅದನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದಿರುತ್ತಾರೆ, ಹಾಗಾಗಿ ತೆಳುವಾಗಿದ್ದರೂ ಗಟ್ಟಿ. ನೀರಿನಲ್ಲಿ ಕರಗುವ ಅಂಟನ್ನು ಸವರಿ ಪೊರೆಯನ್ನು ಕೂರಿಸುವ ಹಳೆಯ ವಿಧಾನದಲ್ಲಿ ಅದರ ದಪ್ಪ ಸುಮಾರು 12 ಮೈಕ್ರಾನ್. ಅಂಟನ್ನು ಮೊದಲೇ ಲೇಪಿಸಿದ ಥರ್ಮಲ್ ಪೊರೆಯಾದರೆ ಅಂಟೂ ಸೇರಿ 25 ಮೈಕ್ರಾನಿನ ಆಸುಪಾಸು. ನೂರು ಡಿಗ್ರಿಗಿಂತ ಹೆಚ್ಚು ಬಿಸಿಯಾದ ರೋಲರುಗಳ ನಡುವೆ ಹಾಳೆಯೊಂದಿಗೆ ಅದು ಹಾದುಬಂದಾಗ ಅಂಟು ಕರಗಿ ಹಿಡಿದುಕೊಳ್ಳುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಇದು ಎಷ್ಟು ತೆಳು ಎಂಬುದು ಅಂದಾಜಾದೀತು.

ವಾರ್ನಿಶ್ ಮತ್ತು ಲ್ಯಾಮಿನೇಶನ್ ಒಂದೇ ಎಂದು ತಿಳಿದವರು ಬಹಳ. ವಾರ್ನಿಶ್ ದ್ರವರೂಪದ ಲೇಪ, ಶಾಯಿಯಂತೆಯೇ ಯಂತ್ರದಲ್ಲಿ ಹಚ್ಚಿ ಒಣಗಿಸುವಂಥದ್ದು. ಅಗ್ಗ, ಬೇಗ ಆಗುತ್ತದೆ. ಆದರೆ ಮಡಿಕೆಯಲ್ಲಿ ಕಾಗದ ಬಿರಿಯುವುದನ್ನು ಅದು ತಡೆಯಲಾರದು, ಹರಿದುಹೋಗದಂತೆ ಕಾಯಲಾರದು. ಲ್ಯಾಮಿನೇಶನ್ ಕಾಗದಕ್ಕೆ ಒಂದು ಚರ್ಮವನ್ನೇ ಕೊಡುತ್ತದೆ. ಬೆನ್ನಿನ ಬಳಿ ನೂರಾರು ಸಲ ತೆರೆದು ಮುಚ್ಚುವ ಪುಸ್ತಕಕ್ಕೆ ಆ ಚರ್ಮ ಬೇಕೇ ಬೇಕು.

ಕಪ್ಪು ಏಕೆ ಬೂದಾಗುತ್ತದೆ

ಮನೆಯ ಅಂಗಳಕ್ಕೆ ಹಾಸಿದ ಕಡಪ ಕಲ್ಲನ್ನು ನೆನಪಿಸಿಕೊಳ್ಳಿ. ಒಣಗಿದ್ದಾಗ ಅದು ಬೂದು ಬಣ್ಣ. ಒಂದು ಚೊಂಬು ನೀರು ಸುರಿದರೆ ಅದೇ ಕಲ್ಲು ಕಪ್ಪಗೆ ಹೊಳೆಯುತ್ತದೆ. ನೀರಿಗೆ ಬಣ್ಣವಿಲ್ಲ, ಕಲ್ಲೂ ಬದಲಾಗಿಲ್ಲ. ಕಲ್ಲಿನ ಮೈಮೇಲಿನ ಸಣ್ಣ ಉಬ್ಬುತಗ್ಗುಗಳನ್ನು ನೀರು ತುಂಬಿ ಸಮತಟ್ಟು ಮಾಡಿದೆ, ಅಷ್ಟೇ. ಒರಟು ಮೈಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರಿ, ಅದರಲ್ಲೊಂದಿಷ್ಟು ನಮ್ಮ ಕಣ್ಣಿಗೂ ಬರುತ್ತದೆ. ಆ ಬಿಳಿ ಬೆಳಕು ಕಪ್ಪಿನ ಜೊತೆ ಬೆರೆತು ಬೂದಾಗುತ್ತದೆ. ನಯವಾದ ಮೈಮೇಲೆ ಬಿದ್ದ ಬೆಳಕು ಕನ್ನಡಿಯಲ್ಲಿ ಆದಂತೆ ಒಂದೇ ದಿಕ್ಕಿಗೆ ಹೋಗುತ್ತದೆ. ಆ ದಿಕ್ಕಿನಲ್ಲಿ ನಮ್ಮ ಕಣ್ಣು ಇಲ್ಲದಿದ್ದರೆ ಕಲ್ಲಿನ ನಿಜವಾದ ಕಪ್ಪಷ್ಟೇ ಕಾಣುತ್ತದೆ.

ಗ್ಲಾಸ್ ಲ್ಯಾಮಿನೇಶನ್ ನೀರು ಸುರಿದ ಕಲ್ಲು, ಮ್ಯಾಟ್ ಲ್ಯಾಮಿನೇಶನ್ ಒಣ ಕಲ್ಲು. ಗ್ಲಾಸ್ ಹಾಕಿದರೆ ಕೆಂಪು ಇನ್ನಷ್ಟು ಕೆಂಪು, ಕಪ್ಪು ಇನ್ನಷ್ಟು ಆಳ, ಛಾಯಾಚಿತ್ರದಲ್ಲಿ ಕಣ್ಣಿನ ಹೊಳಪೂ ಉಳಿಯುತ್ತದೆ. ಮ್ಯಾಟ್ ಹಾಕಿದರೆ ಬಣ್ಣಗಳು ಒಂದು ಹೆಜ್ಜೆ ಹಿಂದೆ ಸರಿಯುತ್ತವೆ. ನೆರಳಿನ ಭಾಗಗಳು ಒಂದರೊಳಗೊಂದು ಕರಗಿಹೋಗುತ್ತವೆ. ಸಂಜೆಗತ್ತಲಿನ ಕಾಡು, ದೀಪದ ಬೆಳಕಿನಲ್ಲಿ ಯಕ್ಷಗಾನದ ವೇಷ, ಹಳೆಯ ಕಪ್ಪುಬಿಳುಪು ಭಾವಚಿತ್ರ ಇಂಥವೆಲ್ಲ ಮ್ಯಾಟಿನಲ್ಲಿ ಸೊರಗುತ್ತವೆ. ಆದರೂ ಮ್ಯಾಟೇ ಬೇಕೆಂದಿದ್ದರೆ ಮುಖಪುಟ ವಿನ್ಯಾಸ ಮಾಡುವವರಿಗೆ ಮೊದಲೇ ಹೇಳಬೇಕು. ಅವರು ಬೆಳಕು ನೆರಳಿನ ಅಂತರವನ್ನು ಸ್ವಲ್ಪ ಹೆಚ್ಚಿಸಿ ಕೊಡುತ್ತಾರೆ. ನಾವು ಮುಖಪುಟವನ್ನು ಒಪ್ಪುವುದು ಮೊಬೈಲ್ ಪರದೆಯಲ್ಲಿ. ಆ ಪರದೆ ಸ್ವತಃ ಬೆಳಕು ಚೆಲ್ಲುವ ಗಾಜು, ಅದರಲ್ಲಿ ಕಂಡ ಬಣ್ಣ ಮ್ಯಾಟ್ ಪೊರೆಯ ಕೆಳಗೆ ಎಂದೂ ಸಿಗುವುದಿಲ್ಲ.

ಇನ್ನೊಂದು ದಿಕ್ಕಿನಿಂದ ನೋಡಿದರೆ ಗ್ಲಾಸಿನ ದೋಷವೂ ಅದೇ ಕನ್ನಡಿಯ ಗುಣದಲ್ಲೇ ಇದೆ. ಟ್ಯೂಬ್‌ಲೈಟಿನ ಕೆಳಗೆ ಪುಸ್ತಕ ಹಿಡಿದರೆ ಮುಖಪುಟದ ಬದಲು ಟ್ಯೂಬ್‌ಲೈಟೇ ಕಾಣುತ್ತದೆ. ಬಿಡುಗಡೆ ಸಮಾರಂಭದಲ್ಲಿ ಗಣ್ಯರು ಪುಸ್ತಕವನ್ನು ಎತ್ತಿ ಹಿಡಿದಾಗ ಎಷ್ಟೋ ಫೋಟೋಗಳಲ್ಲಿ ಬಿಳಿಯ ಹೊಳಪು ಬಿಟ್ಟು ಬೇರೇನೂ ಬರುವುದಿಲ್ಲ. ವಿಚಾರ ಸಾಹಿತ್ಯ, ವಿಮರ್ಶೆ, ಒಂದೇ ಬಣ್ಣದ ತಿಳಿ ಹಿನ್ನೆಲೆಯ ಮೇಲೆ ಅಕ್ಷರಗಳಷ್ಟೇ ಇರುವ ಮುಖಪುಟ ಇವುಗಳಿಗೆ ಮ್ಯಾಟ್ ಒಪ್ಪುತ್ತದೆ. ಕಳೆದುಕೊಳ್ಳುವುದಕ್ಕೆ ಅಲ್ಲಿ ಆಳವಾದ ಬಣ್ಣವಿಲ್ಲ, ಅಕ್ಷರಗಳು ಯಾವ ಕೋನದಿಂದಲೂ ಓದಲು ಸಿಗುತ್ತವೆ. ಮಕ್ಕಳ ಪುಸ್ತಕಕ್ಕೆ ನಾನು ಎಂದೂ ಗ್ಲಾಸನ್ನೇ ಹೇಳುತ್ತೇನೆ. ಮಗು ಅನ್ನ ಸಾರಿನ ಕೈಯಲ್ಲಿ ಮುಟ್ಟಲಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಕೈಗಳ ಲೆಕ್ಕ

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಇಂಥ ಸಮ್ಮೇಳನದ ಪುಸ್ತಕ ಮಳಿಗೆಯಲ್ಲಿ ಒಂದು ಪ್ರತಿಯ ಬಾಳು ಹೇಗಿರುತ್ತದೆಂದು ನೋಡಬೇಕು. ಮೈದಾನದ ಧೂಳು ಮೇಲೆ ಕೂರುತ್ತದೆ. ಮಳಿಗೆಯವರು ಗಂಟೆಗೊಮ್ಮೆ ಬಟ್ಟೆಯಿಂದ ಒರೆಸುತ್ತಾರೆ, ಅಂದರೆ ಆ ಧೂಳನ್ನೇ ಮುಖಪುಟದ ಮೇಲೆ ಉಜ್ಜುತ್ತಾರೆ. ಮೂರು ದಿನಗಳಲ್ಲಿ ನೂರಾರು ಜನ ಎತ್ತಿ, ತಿರುಗಿಸಿ, ಬೆಲೆ ನೋಡಿ, ಹಿಂದಿನದರ ಮೇಲೆ ಜಾರಿಸಿ ಇಡುತ್ತಾರೆ. ಸಂಜೆ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ, ಬೆಳಗ್ಗೆ ಮತ್ತೆ ತೆಗೆಯುತ್ತಾರೆ.

ಮ್ಯಾಟ್ ಪೊರೆಯ ಮೈ ಸೂಕ್ಷ್ಮವಾದ ಉಬ್ಬುಗಳಿಂದ ತುಂಬಿದ್ದು. ಉಜ್ಜಿದಾಗ ಆ ಉಬ್ಬುಗಳ ತಲೆ ಸವೆದು ಚಪ್ಪಟೆಯಾಗುತ್ತದೆ, ಸವೆದ ಜಾಗ ಮಾತ್ರ ಹೊಳೆಯತೊಡಗುತ್ತದೆ. ಬಿಳಿ, ಕೆನೆ, ತಿಳಿಹಳದಿ ಹಿನ್ನೆಲೆಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಕಪ್ಪು, ಕಡುನೀಲಿ, ಕಡುಗೆಂಪಿನ ಮೇಲೆ ಪ್ರತಿ ಗೀರೂ ಎದ್ದು ಕಾಣುತ್ತದೆ. ಬೆರಳಿನ ಜಿಡ್ಡಿನದ್ದೂ ಇದೇ ವಿಷಯ: ಜಿಡ್ಡು ತಗ್ಗುಗಳಲ್ಲಿ ತುಂಬಿಕೊಂಡು ಅಲ್ಲೊಂದು ಹೊಳಪಿನ ಕಲೆ ಉಳಿಯುತ್ತದೆ, ಒರೆಸಿದರೆ ಹರಡುತ್ತದೆ. ನನ್ನ ಕವನ ಸಂಕಲನದ ಮೇಲೆ ಆದದ್ದು ಇದೇ. ಓದುಗರ ಕೈಗೆ ತಲುಪುವ ಮೊದಲೇ, ಕಟ್ಟಿನೊಳಗೆ ಪುಸ್ತಕಗಳು ಒಂದಕ್ಕೊಂದು ಉಜ್ಜಿಕೊಂಡೇ ಅಷ್ಟು ಹಾಳಾಗಿದ್ದವು. ಗಡಸು ಮೈಯ, ಗೀರು ತಾಳುವ ಮ್ಯಾಟ್ ಪೊರೆಯೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಆ್ಯಂಟಿ ಸ್ಕಫ್ ಎಂದು ಕೇಳಬೇಕು. ಬೆಲೆ ಹೆಚ್ಚು, ಆದರೆ ಕಡುಬಣ್ಣದ ಮ್ಯಾಟ್ ಮುಖಪುಟಕ್ಕೆ ಅದನ್ನು ಬಿಟ್ಟು ಬೇರೆ ಯಾವುದನ್ನೂ ನಾನು ಈಗ ಒಪ್ಪುವುದಿಲ್ಲ. ಅದು ಸಿಗದಿದ್ದರೆ ಕಟ್ಟು ಕಟ್ಟುವಾಗ ಪ್ರತಿ ಎರಡು ಪುಸ್ತಕಗಳ ನಡುವೆ ಒಂದು ತೆಳು ಹಾಳೆ ಇಡಿಸಬೇಕು. ಅಥವಾ ಬಣ್ಣವನ್ನೇ ಬದಲಿಸಬೇಕು.

ವೆಲ್ವೆಟ್ ಎಂದು ಕರೆಯುವ ಇನ್ನೊಂದು ಬಗೆಯೂ ಇದೆ. ಮುಟ್ಟಿದರೆ ಪೀಚ್ ಹಣ್ಣಿನ ಸಿಪ್ಪೆಯಂತೆ, ನುಣುಪಾದ ಧೂಳನ್ನು ಸವರಿದಂತೆ ಮೃದು. ಒಮ್ಮೆ ಮುಟ್ಟಿದವರು ಕೈ ತೆಗೆಯುವುದಿಲ್ಲ. ಉಡುಗೊರೆ ಪೆಟ್ಟಿಗೆ, ವಿಶೇಷ ಆವೃತ್ತಿ, ಒಡವೆ ಅಂಗಡಿಯ ಕೈಪಿಡಿ ಇಂಥ ಕಡೆ ಅದಕ್ಕೆ ಖರ್ಚು ಮಾಡಬಹುದು. ಬಸ್ಸಿನಲ್ಲಿ ಚೀಲದೊಳಗೆ ಬೀಗದ ಕೈಗಳ ಜೊತೆ ತಿರುಗುವ ಪುಸ್ತಕಕ್ಕೆ ಬೇಡ.

ಮಳೆಗಾಲ ಮತ್ತು ಸುರುಟುವ ಮುಖಪುಟ

ಈಗ ಹಪ್ಪಳದ ವಿಷಯಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಪುಸ್ತಕ ಮಾಡುವವರು ಇದೊಂದನ್ನಂತೂ ಸರಿಯಾಗಿ ತಿಳಿದುಕೊಳ್ಳಬೇಕು. ಬೆಂಗಳೂರಿನ ಒಣ ಗಾಳಿಯಲ್ಲಿ ಅಚ್ಚಾದ ಪುಸ್ತಕ ಜೂನ್ ತಿಂಗಳಲ್ಲಿ ಮಂಗಳೂರಿಗೂ ಆಗುಂಬೆಗೂ ಹೋಗುತ್ತದೆ.

ಕಾಗದ ಸಸ್ಯದ ನಾರು. ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಪ್ಲಾಸ್ಟಿಕ್ ಪೊರೆ ತೇವಕ್ಕೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮುಖಪುಟದ ಹೊರಮೈಗೆ ಮಾತ್ರ ಪೊರೆ ಅಂಟಿಸಿರುತ್ತೇವೆ, ಒಳಮೈ ಬರಿಯ ಕಾಗದ. ಮಳೆಗಾಲದಲ್ಲಿ ಒಳಮೈ ತೇವ ಕುಡಿದು ಅಗಲವಾಗುತ್ತದೆ. ಹೊರಮೈಯನ್ನು ಪೊರೆ ಬಿಗಿಯಾಗಿ ಹಿಡಿದಿರುತ್ತದೆ. ಒಂದು ಮೈ ಬೆಳೆದು ಇನ್ನೊಂದು ಬೆಳೆಯದಿದ್ದರೆ ಹಾಳೆ ಬಾಗಲೇಬೇಕು, ಅದೂ ಬೆಳೆಯದ ಕಡೆಗೆ. ಆದ್ದರಿಂದ ಮುಖಪುಟ ಪುಸ್ತಕದಿಂದ ಎದ್ದು ಹೊರಕ್ಕೆ, ಪೊರೆಯ ಕಡೆಗೆ ಸುರುಟುತ್ತದೆ. ಬೇಸಿಗೆಯಲ್ಲಿ ಕಲಬುರಗಿಗೆ ತೆಗೆದುಕೊಂಡು ಹೋದರೆ ಅದೇ ಪುಸ್ತಕ ತೆಪ್ಪಗೆ ಮಲಗುತ್ತದೆ. ಇದು ಬೈಂಡಿಂಗಿನ ತಪ್ಪೆಂದು ಎಷ್ಟೋ ಜನ ಬೈಂಡರನ್ನು ಬೈಯುತ್ತಾರೆ.

ಲ್ಯಾಮಿನೇಶನ್ ಮಾಡುವಾಗ ಪೊರೆಯನ್ನು ಅಗತ್ಯಕ್ಕಿಂತ ಹೆಚ್ಚು ಎಳೆದು ಕೂರಿಸಿದ್ದರೆ ಸುರುಟುವಿಕೆ ಮತ್ತಷ್ಟು ಕೆಡುತ್ತದೆ. ಎಳೆದ ಪೊರೆ ತನ್ನ ಮೊದಲಿನ ಅಳತೆಗೆ ಮರಳಲು ನೋಡುತ್ತಲೇ ಇರುತ್ತದೆ. ಹಾಗಿದ್ದಾಗ ಮಳೆ ಬೇಕಿಲ್ಲ, ಯಂತ್ರದಿಂದ ಇಳಿದ ದಿನವೇ ಹಾಳೆಯ ಅಂಚು ಎದ್ದಿರುತ್ತದೆ. ಅಂಥ ಹಾಳೆಯನ್ನು ಬೈಂಡಿಂಗಿಗೆ ಕಳುಹಿಸಲೇಬಾರದು.

ಇದಕ್ಕೆ ಪೂರ್ಣ ಪರಿಹಾರವೆಂದರೆ ತೇವವನ್ನು ತನ್ನೊಳಗೆ ಹಾದುಹೋಗಲು ಬಿಡುವ ನೈಲಾನ್ ಪೊರೆ. ಕಾಗದದೊಂದಿಗೆ ಅದೂ ಉಸಿರಾಡುವುದರಿಂದ ಮುಖಪುಟ ಚಪ್ಪಟೆಯಾಗಿಯೇ ಉಳಿಯುತ್ತದೆ. ಹೊರದೇಶಗಳ ಪೇಪರ್‌ಬ್ಯಾಕ್‌ಗಳಲ್ಲಿ ಅದನ್ನು ಬಳಸುತ್ತಾರೆ. ಬೆಲೆಯಿಂದಾಗಿ ಐನೂರೋ ಸಾವಿರವೋ ಪ್ರತಿಗಳ ನಮ್ಮ ಮುದ್ರಣಕ್ಕೆ ಕೈಗೆಟುಕುವಂಥದ್ದಲ್ಲ. ನಮ್ಮ ಕೈಯಲ್ಲಿರುವ ದಾರಿಗಳು ಬೇರೆ. ಮೊದಲನೆಯದು ಕಾರ್ಡಿನ ದಪ್ಪ. ಅದನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. 220 ಜಿಎಸ್‌ಎಂ ಕಾರ್ಡು ಸುಲಭವಾಗಿ ಸೋಲುತ್ತದೆ, 300 ಜಿಎಸ್‌ಎಂ ತಡೆದುಕೊಳ್ಳುತ್ತದೆ. ಪೊರೆ ತೆಳುವಾದಷ್ಟೂ ಅದರ ಬಿಗಿತ ಕಡಿಮೆ, ಆದ್ದರಿಂದ ಮುಖಪುಟಕ್ಕೆ ದಪ್ಪ ಪೊರೆ ಒಳ್ಳೆಯದು ಎಂಬ ಮಾತನ್ನು ನಂಬಬೇಡಿ. ಮುಖಪುಟದ ಎರಡೂ ಬದಿಗೆ ಒಳಮಡಿಕೆ ಕೊಟ್ಟು ಲೇಖಕರ ಪರಿಚಯವನ್ನು ಅಲ್ಲಿ ಹಾಕಿದರೆ, ಮಡಿಚಿದ ಅಂಚು ಪಟ್ಟಿಯಂತೆ ಗಟ್ಟಿಯಾಗಿ ನಿಂತು ಸುರುಟುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಒಳಮೈಗೂ ಒಂದು ವಾರ್ನಿಶ್ ಹಚ್ಚಿಸಿದರೆ ತೇವ ಹೀರುವುದು ನಿಧಾನವಾಗುತ್ತದೆ.

ಕಾಗದದ ನಾರಿನ ದಿಕ್ಕನ್ನೂ ನೋಡಬೇಕು. ಮುದ್ರಣಾಲಯದಲ್ಲಿ ಅದನ್ನು ಗ್ರೇನ್ ಎನ್ನುತ್ತಾರೆ. ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಓಡಬೇಕು. ಅಡ್ಡ ಓಡಿದರೆ ಬೆನ್ನಿನ ಬಳಿ ಮುಖಪುಟ ಅಲೆಯಲೆಯಾಗುತ್ತದೆ, ತೆರೆಯುವಾಗ ಎದುರು ನಿಲ್ಲುತ್ತದೆ, ಮಡಿಕೆಯಲ್ಲಿ ಶಾಯಿ ಬಿರಿಯುತ್ತದೆ. ಹಾಳೆ ಉಳಿಸುವುದಕ್ಕೆ ಮುಖಪುಟಗಳನ್ನು ಅಡ್ಡ ಜೋಡಿಸುವ ಆಸೆ ಮುದ್ರಣಾಲಯಕ್ಕೆ ಸಹಜ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ವಿಸಿಟಿಂಗ್ ಕಾರ್ಡಿಗೆ ಈ ಕಾಟವೇ ಇಲ್ಲ. ಎರಡೂ ಮೈಗೆ ಪೊರೆ ಹಾಕುವುದರಿಂದ ಎಳೆತ ಎರಡೂ ಕಡೆ ಸಮ.

ಶಾಯಿಗೂ ಪೊರೆಗೂ ನಡುವೆ

ಬಹಳಷ್ಟು ಸಣ್ಣ ಮುದ್ರಣಾಲಯಗಳಲ್ಲಿ ಲ್ಯಾಮಿನೇಶನ್ ಯಂತ್ರ ಇರುವುದಿಲ್ಲ. ಅಚ್ಚಾದ ಹಾಳೆಗಳು ಆಟೊದಲ್ಲಿ ಇನ್ನೊಂದು ಘಟಕಕ್ಕೆ ಹೋಗಿ ಬರುತ್ತವೆ. ಪುಸ್ತಕ ಬಿಡುಗಡೆ ಭಾನುವಾರ, ಮುಖಪುಟ ಅಚ್ಚಾದದ್ದು ಗುರುವಾರ ಎಂದಾದರೆ ಶಾಯಿ ಒಣಗುವ ಮೊದಲೇ ಪೊರೆ ಬೀಳುತ್ತದೆ. ಆಫ್‌ಸೆಟ್ ಶಾಯಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುವಂಥದ್ದು, ಅದಕ್ಕೆ ಒಂದು ಇಡೀ ದಿನವಾದರೂ ಕೊಡಬೇಕು. ಇಲ್ಲದಿದ್ದರೆ ಅಂದು ಚೆನ್ನಾಗಿಯೇ ಕಾಣುತ್ತದೆ. ಕೆಲವು ವಾರಗಳ ಮೇಲೆ ಅಂಚಿನಿಂದ, ಬೆನ್ನಿನ ಮಡಿಕೆಯಿಂದ ಪೊರೆ ಬಿಟ್ಟುಕೊಳ್ಳುತ್ತದೆ.

ಹಸಿ ಹಾಳೆಗಳು ಒಂದಕ್ಕೊಂದು ಅಂಟದಿರಲೆಂದು ಯಂತ್ರದಲ್ಲಿ ನುಣ್ಣನೆಯ ಪುಡಿ ಸಿಂಪಡಿಸುತ್ತಾರೆ. ಆ ಪುಡಿ ಹೆಚ್ಚಾಗಿ ಉಳಿದಿದ್ದರೆ ಪೊರೆ ಅದರ ಮೇಲೆ ಕೂತು, ಕಣಕಣದ ಸುತ್ತ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಕಡುಬಣ್ಣದ ಮೇಲೆ ಬೂದಿ ಉದುರಿದಂಥ ಬೆಳ್ಳನೆಯ ಮಬ್ಬು ಕಂಡರೆ ಕಾರಣ ಬಹುಮಟ್ಟಿಗೆ ಇದು. ಡಿಜಿಟಲ್ ಯಂತ್ರದಲ್ಲಿ ಅಚ್ಚಾದ ಮುಖಪುಟಗಳದ್ದು ಬೇರೆ ಸಂಗತಿ: ಟೋನರನ್ನು ಬಿಸಿಮಾಡಿ ಕೂರಿಸುವಾಗ ಬಳಸುವ ಸಿಲಿಕೋನ್ ಎಣ್ಣೆಯ ಅಂಶ ಹಾಳೆಯ ಮೇಲೆ ಉಳಿದಿರಬಹುದು, ಸಾಮಾನ್ಯ ಅಂಟು ಅದರ ಮೇಲೆ ಹಿಡಿಯುವುದಿಲ್ಲ. ಹೆಚ್ಚು ಅಂಟಿನ, ಡಿಜಿಟಲ್ ಮುದ್ರಣಕ್ಕೆಂದೇ ಮಾಡಿದ ಪೊರೆ ಬೇಕು. ಈಗ ನೂರು, ಇನ್ನೂರು ಪ್ರತಿಗಳನ್ನಷ್ಟೇ ಡಿಜಿಟಲ್‌ನಲ್ಲಿ ಮಾಡಿಸುವ ಪ್ರಕಾಶಕರು ಹೆಚ್ಚುತ್ತಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ರಿಫ್ಲೆಕ್ಸ್ ಬ್ಲೂ ಎಂಬ ನೀಲಿಯೂ ಹೀಗೆ ಕೈಕೊಡುವಂಥದ್ದು. ಒಣಗಲು ತಡ, ಲೇಪದ ಕೆಳಗೆ ಬಣ್ಣವನ್ನೂ ಬದಲಿಸಬಲ್ಲದು.

ಹೆಸರಿನ ಮೇಲೆ ಹೊಳಪು

ಮ್ಯಾಟ್ ಮುಖಪುಟದ ಮೇಲೆ ಶೀರ್ಷಿಕೆಯಷ್ಟೇ ಹೊಳೆಯುವಂತೆ ಮಾಡುವ ಸ್ಪಾಟ್ ಯುವಿ ಈಗ ಎಲ್ಲರಿಗೂ ಇಷ್ಟ. ಮ್ಯಾಟ್ ಪೊರೆಯ ಮೇಲೆ ಜಾಲರಿಯ ಮೂಲಕ ದಪ್ಪ ವಾರ್ನಿಶನ್ನು ಬೇಕಾದ ಜಾಗಕ್ಕೆ ಮಾತ್ರ ಹಚ್ಚಿ, ನೇರಳಾತೀತ ಬೆಳಕಿನಲ್ಲಿ ಕ್ಷಣದಲ್ಲಿ ಗಟ್ಟಿಯಾಗಿಸುತ್ತಾರೆ. ಕಲ್ಪನೆ ಚೆನ್ನಾಗಿದೆ, ಆದರೆ ಕನ್ನಡ ಅಕ್ಷರಗಳಿಗೆ ಅದನ್ನು ಹಚ್ಚುವಾಗ ನಾವು ಇಂಗ್ಲಿಷ್ ಅಕ್ಷರಗಳ ಲೆಕ್ಕ ಹಿಡಿಯಬಾರದು.

ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಥ ಅಕ್ಷರವನ್ನು ಧ ಅಕ್ಷರದಿಂದ ಬೇರೆ ಮಾಡುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಒತ್ತಕ್ಷರಗಳು ಮುಖ್ಯ ಅಕ್ಷರದ ಅರ್ಧ ಗಾತ್ರದಲ್ಲಿ, ಅದಕ್ಕೆ ಅಂಟಿಕೊಂಡೇ ಇರುತ್ತವೆ. ದಪ್ಪ ವಾರ್ನಿಶ್ ಗಟ್ಟಿಯಾಗುವ ಮೊದಲು ಕೂದಲೆಳೆಯಷ್ಟು ಹರಿದರೂ ಸೀಳು ಮುಚ್ಚಿಹೋಗುತ್ತದೆ, ಚುಕ್ಕೆ ಸುತ್ತಲಿನ ಗೆರೆಯನ್ನು ಕೂಡಿಕೊಳ್ಳುತ್ತದೆ. ಜಾಲರಿ ಅರ್ಧ ಮಿಲಿಮೀಟರ್ ಸರಿದರೆ ಅಕ್ಷರದ ಪಕ್ಕದಲ್ಲೇ ಅದರ ಹೊಳೆಯುವ ನೆರಳೊಂದು ನಿಲ್ಲುತ್ತದೆ. ದೊಡ್ಡ ಗಾತ್ರದ, ದಪ್ಪ ಗೆರೆಯ ಶೀರ್ಷಿಕೆಗೆ ಮಾತ್ರ ಸ್ಪಾಟ್ ಯುವಿ ಹಾಕಿಸಿ; ಲೇಖಕರ ಹೆಸರಿಗೆ, ಉಪಶೀರ್ಷಿಕೆಗೆ ಬೇಡ. ಅಕ್ಷರಕ್ಕಿಂತ ಚಿತ್ರದ ಒಂದು ಭಾಗಕ್ಕೆ, ಹಕ್ಕಿಯ ರೆಕ್ಕೆಗೋ ನೀರಿನ ಹನಿಗೋ ಹಾಕಿಸಿದರೆ ಇನ್ನೂ ಒಳ್ಳೆಯದು. ಮೇಲೆ ಯುವಿ ಅಥವಾ ಚಿನ್ನದ ಬಣ್ಣದ ಫಾಯಿಲ್ ಬರಲಿದೆ ಎಂಬುದನ್ನು ಲ್ಯಾಮಿನೇಶನ್ ಮಾಡುವವರಿಗೆ ಮುಂಚಿತವಾಗಿಯೇ ತಿಳಿಸಬೇಕು. ಪಾಲಿಪ್ರೊಪಿಲೀನ್ ಮೈಗೆ ತಾನಾಗಿ ಏನೂ ಹಿಡಿಯುವುದಿಲ್ಲ. ಎರಡೂ ಮೈಗೆ ಕೊರೋನಾ ಎಂಬ ವಿದ್ಯುತ್ ಸಂಸ್ಕಾರ ಮಾಡಿದ ಪೊರೆ ಬೇಕು. ವೈರಾಣುವಿಗೂ ಈ ಸಂಸ್ಕಾರಕ್ಕೂ ಸಂಬಂಧವಿಲ್ಲ. ಈ ಸಂಸ್ಕಾರದ ಬಲ ತಿಂಗಳು ಕಳೆದಂತೆ ಕುಂದುವುದರಿಂದ ಹಳೆಯ ಸುರುಳಿಯ ಮೇಲೆ ಹಚ್ಚಿದ ಯುವಿ ಉಗುರಿಗೆ ಎದ್ದುಬರುತ್ತದೆ.

ಪುಸ್ತಕದಾಚೆ

ಮದುವೆಯ ಕರೆಯೋಲೆಯ ವಿಷಯದಲ್ಲಿ ನಮ್ಮದೇ ಒಂದು ಅಗತ್ಯವಿದೆ. ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿ ಮೊದಲ ಪತ್ರಿಕೆಯನ್ನು ದೇವರ ಮುಂದಿಡುತ್ತೇವೆ. ಗ್ಲಾಸ್ ಪೊರೆಯ ಮೇಲೆ ಕಲಸಿದ ಅರಿಸಿನ ನಿಲ್ಲದೆ ಮುದ್ದೆಯಾಗುತ್ತದೆ, ಒಣಗಿದ ಮೇಲೆ ಹೆಕ್ಕಳೆಯಾಗಿ ಉದುರುತ್ತದೆ. ಲಕೋಟೆಯ ಮೇಲೆ ಪೆನ್ನಿನಿಂದ ಹೆಸರು ಬರೆಯಲೂ ಆಗುವುದಿಲ್ಲ. ಕರೆಯೋಲೆಗೆ ಲ್ಯಾಮಿನೇಶನ್ನೇ ಬೇಡ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಒರಟು ಕಾಗದ, ಒಂದೆರಡು ಬಣ್ಣ, ಬೇಕಿದ್ದರೆ ಫಾಯಿಲ್ ಸಾಕು. ಅರಿಸಿನ ಅಲ್ಲಿ ಕಾಗದದೊಳಗೆ ಇಳಿದು ಉಳಿಯುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆದಿಡುವ ಗೋಡೆಯ ಕ್ಯಾಲೆಂಡರಿಗೂ ಇದೇ ಮಾತು. ದರ್ಶಿನಿಯ ತಿಂಡಿಪಟ್ಟಿಗೆ ಮಾತ್ರ ಎರಡೂ ಮೈಗೆ ಪೊರೆ ಬೇಕು, ಕತ್ತರಿಸಿದ ಅಂಚಿನಿಂದ ಸಾಂಬಾರು ಒಳಕ್ಕಿಳಿಯದಂತೆ ಪೊರೆಯನ್ನು ಕಾಗದಕ್ಕಿಂತ ದೊಡ್ಡದಾಗಿ ಬಿಟ್ಟು ಮುಚ್ಚಿಸಬೇಕು.

ಬಿಸಿಲಿನಿಂದ ಬಣ್ಣ ಹೋಗದಿರಲೆಂದು ಲ್ಯಾಮಿನೇಶನ್ ಮಾಡಿಸುವವರಿದ್ದಾರೆ. ಸಾಮಾನ್ಯ ಪೊರೆ ನೇರಳಾತೀತ ಕಿರಣವನ್ನು ತಡೆಯುವುದಿಲ್ಲ. ಕ್ಷೌರದಂಗಡಿಯ, ಔಷಧದಂಗಡಿಯ ಗಾಜಿಗೆ ಅಂಟಿಸಿದ ಹಳೆಯ ಚಿತ್ರಗಳು ನೀಲಿ ನೀಲಿಯಾಗಿರುವುದನ್ನು ನೋಡಿರುತ್ತೀರಿ. ಕೆಂಪು ಕೊಡುವ ಮೆಜೆಂಟಾ ಮತ್ತು ಹಳದಿ ಮೊದಲು ಹೋಗಿ ನೀಲಿ ಕೊಡುವ ಸಯಾನ್ ಮತ್ತು ಕಪ್ಪು ಉಳಿದದ್ದರ ಫಲ ಅದು, ಅವುಗಳಲ್ಲಿ ಎಷ್ಟೋ ಲ್ಯಾಮಿನೇಶನ್ ಆದವೇ.

ಅಂಕಪಟ್ಟಿ, ಜನನ ಪತ್ರ, ಅಜ್ಜನ ಕಾಲದ ಭೂಮಿಪತ್ರಗಳ ಮೂಲಪ್ರತಿಯನ್ನು ದಯವಿಟ್ಟು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಕರಗಿ ನಾರಿನೊಳಗೆ ಇಳಿದ ಅಂಟನ್ನು ಹಾಳೆ ಹರಿಯದಂತೆ ಮತ್ತೆ ತೆಗೆಯಲು ಆಗುವುದಿಲ್ಲ. ಉಬ್ಬು ಮುದ್ರೆ ಚಪ್ಪಟೆಯಾಗುತ್ತದೆ, ಕಾಗದದ ಅಸಲಿತನವನ್ನು ಮುಟ್ಟಿ ಪರೀಕ್ಷಿಸುವ ದಾರಿಯೂ ಮುಚ್ಚುತ್ತದೆ. ಅಂಟಿಲ್ಲದ ಪಾಲಿಯೆಸ್ಟರ್ ಹೊದಿಕೆಯೊಳಗೆ ಹಾಳೆಯನ್ನು ಸುಮ್ಮನೆ ಇಟ್ಟರೆ ಸಾಕು, ಬೇಕೆಂದಾಗ ಹೊರಗೆ ತೆಗೆಯಬಹುದು.

ಪ್ಲಾಸ್ಟಿಕ್ಕಿನ ಪ್ರಶ್ನೆಯನ್ನೂ ಬಿಡುವಂತಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲಿ ಜಾರಿಯಾದ ನಿಷೇಧದ ಪಟ್ಟಿಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ, ಆಮಂತ್ರಣ ಪತ್ರಿಕೆಗಳ ಸುತ್ತ ಹೊದಿಸುವ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಕಾಗದಕ್ಕೆ ಅಂಟಿಸಿದ ಲ್ಯಾಮಿನೇಶನ್ ಆ ಬಾಬಿನಲ್ಲಿ ಇಲ್ಲ. ಆದರೆ ರದ್ದಿಗೆ ಹೋದಾಗ ಅದೇ ತೊಡಕು: ಕಾಗದವನ್ನು ನೀರಿನಲ್ಲಿ ಕಲಸಿ ತಿರುಳಾಗಿಸುವಾಗ ಪೊರೆ ಚಿಂದಿಚಿಂದಿಯಾಗಿ ತೇಲುತ್ತದೆ, ಸೋಸಿ ತೆಗೆಯಬೇಕು. ಹತ್ತು ವರ್ಷ ಬಾಳುವ ಪುಸ್ತಕಕ್ಕೆ ಪೊರೆ ಹಾಕುವುದಕ್ಕೆ ನನಗೆ ಸಂಕೋಚವಿಲ್ಲ. ಒಂದು ದಿನದ ಕಾರ್ಯಕ್ರಮದ ಕರಪತ್ರಕ್ಕೆ, ಮಡಿಚಿ ಬಿಸಾಡುವ ಪಟ್ಟಿಗೆ ನೀರಿನ ಆಧಾರದ ಆಕ್ವಿಯಸ್ ಲೇಪ ಸಾಕು, ಅದು ತಿರುಳಿಗೆ ಅಡ್ಡಿಯಾಗುವುದಿಲ್ಲ.

ಮಾದರಿ ಕೈಗೆ ಬಂದಾಗ

ಮುದ್ರಣಾಲಯದವರು ತೋರಿಸುವ ಮಾದರಿ ಬೇರೆ ಯಾರದೋ ಪುಸ್ತಕದ್ದು, ಹೆಚ್ಚಾಗಿ ತಿಳಿಬಣ್ಣದ್ದು. ನಿಮ್ಮದೇ ಮುಖಪುಟದ ಎರಡು ಹಾಳೆಗೆ ಎರಡು ಬಗೆಯ ಪೊರೆ ಹಾಕಿಸಿ ತರಿಸಿಕೊಳ್ಳಿ. ಲ್ಯಾಮಿನೇಶನ್ನಿನ ಬೆಲೆ ಸಾಮಾನ್ಯವಾಗಿ ಚದರ ಅಂಗುಲದ ಲೆಕ್ಕ, ಎರಡು ಹಾಳೆಗೆ ದೊಡ್ಡ ಖರ್ಚಾಗುವುದಿಲ್ಲ. ಅವನ್ನು ಒಂದರ ಮೇಲೊಂದಿಟ್ಟು ಇಪ್ಪತ್ತು ಸಲ ಉಜ್ಜಿ. ಎಣ್ಣೆ ಹಚ್ಚಿದ ತಲೆ ಸವರಿದ ಕೈಯಿಂದ ಮುಟ್ಟಿ. ಬೆನ್ನಿನ ಜಾಗದಲ್ಲಿ ಮಡಿಚಿ, ಬಿಡಿಸಿ, ಬಿಳಿಯ ಗೆರೆ ಮೂಡಿತೇ ನೋಡಿ. ಮೂಲೆಗೆ ಪಾರದರ್ಶಕ ಟೇಪು ಅಂಟಿಸಿ ಎಳೆದರೆ ಪೊರೆ ಎದ್ದುಬರಬಾರದು. ಕಡೆಗೆ ಒಂದು ರಾತ್ರಿ ಸ್ನಾನದ ಮನೆಯಲ್ಲಿ, ನೀರು ತಾಗದ ಎತ್ತರದಲ್ಲಿ ಇಟ್ಟು ಬೆಳಗ್ಗೆ ನೋಡಿ. ಕರಾವಳಿಯ ಜುಲೈ ಹೇಗಿರುತ್ತದೆಂಬುದು ಬೆಂಗಳೂರಿನಲ್ಲೇ ಗೊತ್ತಾಗುತ್ತದೆ.

ಆ ಕವನ ಸಂಕಲನದ ಎರಡನೆಯ ಮುದ್ರಣಕ್ಕೆ ಕವಿ ಕಪ್ಪನ್ನು ಬಿಡಲು ಒಪ್ಪಲಿಲ್ಲ. ನಾವು ಕಪ್ಪನ್ನೇ ಉಳಿಸಿಕೊಂಡು ಗ್ಲಾಸ್ ಹಾಕಿಸಿದೆವು, ಕಾರ್ಡನ್ನು 300 ಜಿಎಸ್‌ಎಂಗೆ ಏರಿಸಿದೆವು, ಎರಡೂ ಬದಿಗೆ ಮೂರು ಅಂಗುಲದ ಒಳಮಡಿಕೆ ಕೊಟ್ಟೆವು, ಹಾಳೆಗಳನ್ನು ಎರಡು ದಿನ ಒಣಗಲು ಬಿಟ್ಟೆವು. ಬಿಡುಗಡೆ ಒಂದು ವಾರ ಮುಂದಕ್ಕೆ ಹೋಯಿತು. ಆಗಸ್ಟಿನಲ್ಲಿ ಉಡುಪಿಯ ಅದೇ ಅಂಗಡಿಯವರು ಕಪಾಟಿನ ಫೋಟೋ ಕಳುಹಿಸಿದರು. ಅಂಚು ಸ್ವಲ್ಪ ಎದ್ದಿತ್ತು, ಒಂದು ಬೆರಳು ತೂರುವಷ್ಟು. ಹೊಸ ಪುಸ್ತಕದ ಪಕ್ಕದಲ್ಲಿ ಅವರು ಮೊದಲ ಮುದ್ರಣದ ಒಂದು ಪ್ರತಿಯನ್ನೂ ಇಟ್ಟಿದ್ದರು, ಅದರ ಮೇಲೆ ಭಾರಕ್ಕೆಂದು ಒಂದು ನಿಘಂಟು.